ಹತ್ತು ನಿಮಿಷದ ಮನೆ ಪ್ರಾರ್ಥನೆ: ಮಕ್ಕಳ ನಂಬಿಕೆಯನ್ನು ಮನೆಯಲ್ಲೇ ಬೆಳೆಸುವ ಬಗೆ

ನಮ್ಮ ಮನೆಯಲ್ಲಿ ಕುಟುಂಬ ಪ್ರಾರ್ಥನೆ ಮೂರು ಸಲ ಶುರುವಾಗಿ ಮೂರು ಸಲವೂ ನಿಂತುಹೋಯಿತು. ಮೊದಲ ಸಲ ಮುಕ್ಕಾಲು ಗಂಟೆ ಮಾಡುತ್ತಿದ್ದೆವು. ಮಗ ನಿದ್ದೆ ಹೋಗುತ್ತಿದ್ದ, ಮಗಳು ಉಗುರು ಕಚ್ಚುತ್ತಾ ಕೂರುತ್ತಿದ್ದಳು. ಒಂದು ತಿಂಗಳೂ ನಡೆಯಲಿಲ್ಲ. ಎರಡನೇ ಸಲ ಬೆಳಿಗ್ಗೆ ಇಟ್ಟುಕೊಂಡೆವು, ಸ್ಕೂಲ್ ವ್ಯಾನ್ ಹಾರ್ನ್ ಹೊಡೆದ ಕೂಡಲೇ ಆಮೆನ್. ಮೂರನೇ ಸಲ ನನ್ನ ಯಜಮಾನರಿಗೆ ರಾತ್ರಿ ಪಾಳಿ ಬಂತು, ಅಲ್ಲಿಗೆ ಮುಗಿಯಿತು. ನಾಲ್ಕನೇ ಸಲ ಶುರುವಾದದ್ದು ಈಗ ಐದನೇ ವರ್ಷಕ್ಕೆ ಬಂದಿದೆ. ಈ ಸಲ ಬದಲಾಯಿಸಿದ್ದು ಒಂದೇ. ಜ್ವರ ಬಂದ ದಿನ, ಕರೆಂಟ್ ಹೋದ ದಿನ, ಗಂಡ ಹೆಂಡತಿ ಮಾತು ಬಿಟ್ಟ ದಿನ, ಇಂಥ ದಿನದಲ್ಲೂ ಮಾಡಲು ಆಗುವಷ್ಟು ಚಿಕ್ಕದು ಮಾಡಿಕೊಂಡೆವು. ಹತ್ತೇ ನಿಮಿಷ.

ಅದನ್ನು ಹೇಗೆ ಮಾಡುತ್ತೇವೆ ಅಂತ ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ನಾವು ಹುಬ್ಬಳ್ಳಿಯವರು, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗೆ ಸೇರಿದವರು. ನೀವು ಕಥೋಲಿಕರಾಗಿರಬಹುದು, ಮೆಥಡಿಸ್ಟ್ ಆಗಿರಬಹುದು, ಬೇರೆ ಸಭೆಯವರಾಗಿರಬಹುದು. ನಿಮ್ಮ ಮನೆಯ ರೀತಿಗೆ ಹೊಂದಿಸಿಕೊಳ್ಳಿ.

ಸಂಡೇ ಸ್ಕೂಲ್ ಸಾಕಲ್ವಾ?

ಈ ಪ್ರಶ್ನೆ ತುಂಬಾ ಜನ ಕೇಳುತ್ತಾರೆ. ಸಂಡೇ ಸ್ಕೂಲ್ ಮೇಲೆ ನನಗೆ ಬಹಳ ಗೌರವ ಇದೆ, ನಾನೂ ಅಲ್ಲಿ ಹತ್ತು ವರ್ಷ ಕಲಿಸಿದವಳು. ಆದರೆ ಅದು ಶುರುವಾದದ್ದು ಯಾಕೆ ಅಂತ ತಿಳಿದರೆ ಒಳ್ಳೆಯದು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕೆಯವರು ಭಾನುವಾರದ ಶಾಲೆಗೆ ಕೈ ಹಾಕಿದ್ದು, ವಾರವೆಲ್ಲ ದುಡಿದು ಭಾನುವಾರ ಬೀದಿಯಲ್ಲಿರುತ್ತಿದ್ದ ಬಡ ಮಕ್ಕಳಿಗಾಗಿ. ಮನೆಯಲ್ಲಿ ಕಲಿಸುವವರಿಲ್ಲದ ಮಕ್ಕಳಿಗೆ ಓದು ಕಲಿಸಲು. ಮನೆಯ ಕೆಲಸವನ್ನು ತಾನು ವಹಿಸಿಕೊಳ್ಳಲಿಕ್ಕಲ್ಲ.

ಅದಕ್ಕೂ ಹಿಂದೆ, 1529ರಲ್ಲಿ, ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ ಮಕ್ಕಳಿಗಾಗಿ ಒಂದು ಸಣ್ಣ ಪ್ರಶ್ನೋತ್ತರ ಬರೆದರು. ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಯೇಸುಸ್ವಾಮಿ ಕಲಿಸಿದ ಕರ್ತನ ಪ್ರಾರ್ಥನೆ, ಒಂದೊಂದು ಭಾಗದ ಮೇಲೂ ಮನೆಯ ಯಜಮಾನ ತನ್ನ ಮನೆಯವರಿಗೆ ಇದನ್ನು ಸರಳವಾಗಿ ಹೇಳಿಕೊಡಬೇಕಾದ ರೀತಿ ಎಂಬ ಅರ್ಥದ ತಲೆಬರಹ ಇದೆ. ಪಾಸ್ಟರ್ ಹೇಳಿಕೊಡಬೇಕು ಅಂತ ಅಲ್ಲ. ಇನ್ನೂ ಹಿಂದೆ ಹೋದರೆ ಸತ್ಯವೇದದ (ಬೈಬಲಿನ) ಧರ್ಮೋಪದೇಶಕಾಂಡ 6ನೇ ಅಧ್ಯಾಯ. ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳ ಹತ್ತಿರ ಈ ಮಾತು ಆಡುತ್ತಿರಿ ಅಂತ ಅಲ್ಲಿ ಹೇಳಿರುವುದು ಅಪ್ಪ ಅಮ್ಮಂದಿರಿಗೆ.

ಸುಮ್ನೆ ಒಂದು ಲೆಕ್ಕ ಹಾಕಿ. ವರ್ಷಕ್ಕೆ 50 ಭಾನುವಾರ, ವಾರಕ್ಕೆ ಒಂದು ಗಂಟೆ. ಒಟ್ಟು 50 ಗಂಟೆ. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷದಂತೆ 300 ದಿನ ಕೂತರೆ ಅದೂ 50 ಗಂಟೆ. ವರ್ಷದಲ್ಲಿ 65 ದಿನ ತಪ್ಪಿದರೂ ಇನ್ನೊಂದು ಸಂಡೇ ಸ್ಕೂಲಿನಷ್ಟು ಸಮಯ ನಿಮ್ಮ ಕೈಯಲ್ಲೇ ಇದೆ.

ಮೊದಲು ಗಂಡ ಹೆಂಡತಿ ಕೂತು ಮಾತಾಡಿ

ಮಕ್ಕಳನ್ನು ಕರೆಯುವ ಮುಂಚೆ ನೀವಿಬ್ಬರೂ ಒಂದು ಸಂಜೆ ಕೂತು ಮೂರು ವಿಷಯ ತೀರ್ಮಾನಿಸಿ. ಎಷ್ಟು ಹೊತ್ತಿಗೆ, ಎಲ್ಲಿ, ಒಬ್ಬರು ಇಲ್ಲದ ದಿನ ಯಾರು ನಡೆಸುತ್ತಾರೆ. ಈ ಮೂರನೆಯದನ್ನು ಮರೆತೇ ನಮ್ಮ ಪ್ರಾರ್ಥನೆ ನಿಂತಿದ್ದು. ಈಗ ಅವರು ಪಾಳಿಯಲ್ಲಿದ್ದರೆ ನಾನು, ನಾನೂ ಇಲ್ಲದಿದ್ದರೆ ಅತ್ತೆ, ಅತ್ತೆಗೆ ಹುಷಾರಿಲ್ಲದಿದ್ದರೆ ಹದಿಮೂರರ ಮಗಳು.

ಸಮಯವನ್ನು ಗಡಿಯಾರಕ್ಕೆ ಕಟ್ಟುವುದಕ್ಕಿಂತ ದಿನಾ ತಪ್ಪದ ಒಂದು ಕೆಲಸಕ್ಕೆ ಕಟ್ಟಿ. ನಮ್ಮದು ರಾತ್ರಿ ಊಟಕ್ಕೆ. ತಟ್ಟೆ ತೊಳೆಯುವ ಮುಂಚೆಯೇ ಕೂರುತ್ತೇವೆ. ತಟ್ಟೆ ತೊಳೆದರೆ ಒಬ್ಬೊಬ್ಬರೂ ಒಂದೊಂದು ಕಡೆ ಹೋಗುತ್ತಾರೆ, ಆಮೇಲೆ ಕೂಡಿಸುವುದು ಕಷ್ಟ. ಒಂದು ಚಾಪೆ ಹಾಸುತ್ತೇವೆ. ಫೋನುಗಳೆಲ್ಲ ಅಡುಗೆಮನೆ ಕಟ್ಟೆ ಮೇಲೆ. ನನ್ನ ಫೋನೂ ಅಲ್ಲೇ. ಸತ್ಯವೇದ ಫೋನಿನಲ್ಲೂ ಇದೆ, ಗೊತ್ತು. ಆದರೆ ಅಮ್ಮ ಪರದೆ ನೋಡುತ್ತಿರುವುದು ದೇವರ ವಾಕ್ಯಕ್ಕೋ ವಾಟ್ಸಾಪಿಗೋ ಅಂತ ಏಳು ವರ್ಷದ ಮಗುವಿಗೆ ಹೇಗೆ ಗೊತ್ತಾಗಬೇಕು? ಅಚ್ಚಿನ ಪುಸ್ತಕವೇ ಇರಲಿ.

ಹತ್ತು ನಿಮಿಷ ಹೇಗೆ ಹೋಗುತ್ತದೆ

ಒಂದು ಹಾಡು, ಒಂದೇ ಚರಣವಾದರೂ ಸಾಕು. ಹತ್ತು ವಚನ ಓದು. ಒಂದು ಪ್ರಶ್ನೆ, ಅದರ ಮೇಲೆ ಮಾತು. ಪ್ರಾರ್ಥನೆ. ಇಷ್ಟೇ.

ಹಾಡನ್ನು ದಿನಕ್ಕೊಬ್ಬರು ಆರಿಸಬೇಕು. ನಮ್ಮ ಚಿಕ್ಕವನು ಏಪ್ರಿಲ್ ಬಿಸಿಲಲ್ಲೂ ಕ್ರಿಸ್‌ಮಸ್ ಹಾಡು ಆರಿಸುತ್ತಾನೆ. ಹಾಡುತ್ತೇವೆ. ಅತ್ತೆ ಹಳೆಯ ಕೀರ್ತನೆ ಆರಿಸಿದ ದಿನ ಮಕ್ಕಳಿಗೆ ಅರ್ಧ ಪದ ಗೊತ್ತಿರುವುದಿಲ್ಲ, ಆದರೂ ರಾಗ ಬರುತ್ತದೆ. ನನ್ನ ಅಜ್ಜಿಗೆ ಕೊನೆಯ ವರ್ಷಗಳಲ್ಲಿ ನಮ್ಮ ಹೆಸರೇ ಮರೆತುಹೋಗಿತ್ತು. ಹಾಡು ಮರೆತಿರಲಿಲ್ಲ. ಅದಕ್ಕೇ ಹಳೆಯ ಹಾಡನ್ನು ಮಕ್ಕಳ ಬಾಯಿಗೆ ಹಾಕುವುದನ್ನು ನಾನು ಬಿಡುವುದಿಲ್ಲ.

ಕಥೋಲಿಕ ಮನೆಗಳಲ್ಲಿ ರಾತ್ರಿ ಜಪಸರ, ಅಂದರೆ ಮಣಿ ಎಣಿಸುತ್ತಾ ಹತ್ತು ಹತ್ತು ಮಣಿಯ ಐದು ಸುತ್ತು ಪ್ರಾರ್ಥನೆ, ಹೇಳುವ ರೂಢಿ ಇದೆ. ಸಣ್ಣ ಮಕ್ಕಳಿದ್ದರೆ ಐದೂ ಸುತ್ತಿಗೆ ಅವರನ್ನು ಕೂರಿಸುವ ಬದಲು ಮೊದಲ ಹತ್ತು ಮಣಿಗೆ ಕೂರಿಸಿ, ಆಮೇಲೆ ಮಲಗಲು ಬಿಡಿ ಅಂತ ಮಂಗಳೂರಿನ ನನ್ನ ಗೆಳತಿ ಹೇಳುತ್ತಾಳೆ. ಅವಳ ಮಕ್ಕಳು ದೊಡ್ಡವರಾದ ಮೇಲೆ ತಾವಾಗಿಯೇ ಪೂರ್ತಿ ಕೂರುತ್ತಿದ್ದಾರಂತೆ.

ಯಾವುದನ್ನು ಓದಬೇಕು, ಹೇಗೆ ಓದಬೇಕು

ಆದಿಕಾಂಡದಿಂದ ಶುರು ಮಾಡಿ ನಿಯಮಗಳೇ ತುಂಬಿರುವ ಯಾಜಕಕಾಂಡಕ್ಕೆ ಬಂದಾಗ ಸೋತವರು ತುಂಬಾ ಜನ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ಹದಿನಾರೇ ಅಧ್ಯಾಯ. ಕಥೆ ಓಡುತ್ತಾ ಹೋಗುತ್ತದೆ. ದಿನಕ್ಕೆ ಹತ್ತು ವಚನದಂತೆ ಸುಮಾರು ಎರಡೂವರೆ ತಿಂಗಳು. ಆಮೇಲೆ ಆದಿಕಾಂಡದ ಅಬ್ರಹಾಮ, ಯಾಕೋಬ, ಯೋಸೇಫರ ಕಥೆ. ಆಮೇಲೆ ರೂತಳದ್ದು, ಅದು ನಾಲ್ಕೇ ಅಧ್ಯಾಯ. ಆಮೇಲೆ ದಾವೀದ. ನಡುನಡುವೆ ಒಂದೊಂದು ಕೀರ್ತನೆ.

ನಮ್ಮ ಕನ್ನಡ ಸತ್ಯವೇದದ ಭಾಷೆ ಮಕ್ಕಳಿಗೆ ಭಾರ. ಇಂಗ್ಲಿಷ್ ಮೀಡಿಯಮ್ ಮಕ್ಕಳಿಗಂತೂ ಇನ್ನೂ ಜಾಸ್ತಿ. ಹಾಗಂತ ಕನ್ನಡ ಬಿಟ್ಟುಬಿಡಬೇಡಿ. ಮೊದಲು ಒಂದು ಸಲ ಮನೆ ಮಾತಿನಲ್ಲಿ ಕಥೆ ಹೇಳಿ, ಆಮೇಲೆ ಪುಸ್ತಕದಿಂದ ಓದಿ. ಈ ಕ್ರಮ ತಿರುಗಿಸಿದರೆ ಓದು ಮುಗಿಯುವಷ್ಟರಲ್ಲಿ ಮಗುವಿನ ಗಮನ ಹೋಗಿರುತ್ತದೆ.

ಒಂದು ರಾತ್ರಿಯ ಓದನ್ನು ಹತ್ತಿರದಿಂದ ಹೇಳುತ್ತೇನೆ. ಮಾರ್ಕ 2ನೇ ಅಧ್ಯಾಯ. ಪಾರ್ಶ್ವವಾಯು ಹೊಡೆದವನನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನವೋ ಜನ. ಅವರು ಮಾಳಿಗೆ ಹತ್ತಿ, ಅದನ್ನು ಬಿಚ್ಚಿ, ಹಾಸಿಗೆಯನ್ನೇ ಕೆಳಗಿಳಿಸುತ್ತಾರೆ. ಆರ್‌ಸಿಸಿ ಮನೆಯಲ್ಲಿ ಹುಟ್ಟಿದ ಮಗುವಿಗೆ ಇದು ಹೇಗೆ ಅರ್ಥವಾಗಬೇಕು? ಆದರೆ ನಮಗೆ ಒಂದು ಅನುಕೂಲ ಇತ್ತು. ಗದಗ ಕಡೆ ನನ್ನ ತವರಿನ ಹಳ್ಳಿಯಲ್ಲಿ ಇನ್ನೂ ಮಣ್ಣಿನ ಮಾಳಿಗೆ ಮನೆಗಳಿವೆ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ಮಣ್ಣು. ಯೇಸುಸ್ವಾಮಿ ಕೂತಿದ್ದ ಕಪೆರ್ನೌಮಿನ ಮನೆಯ ಮಾಳಿಗೆಯೂ ಹೆಚ್ಚು ಕಡಿಮೆ ಹೀಗೇ. ಮಗ ಆ ಮಾಳಿಗೆ ಮೇಲೆ ಬೇಸಿಗೆ ರಜೆಯಲ್ಲಿ ಮಲಗಿದವನು. ಕಥೆ ಹೇಳಿದಾಗ ಕಣ್ಣು ದೊಡ್ಡದು ಮಾಡಿದ.

"ಅಷ್ಟು ಮಣ್ಣು ಕೆಳಗ ಬಿದ್ದಿರ್ತದಲ್ಲ ಮಮ್ಮಿ, ಯೇಸುಸ್ವಾಮಿ ತಲಿ ಮ್ಯಾಲೂ?"

"ಬಿದ್ದಿರ್ತದ."

"ಬೈಲಿಲ್ಲೇನು?"

"ಬೈಲಿಲ್ಲ. ಅವರ ನಂಬಿಕೆ ನೋಡಿದ್ರು ಅಂತ ಬರದೈತಿ, ನೋಡು."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮಾಳಿಗಿ ಆಮ್ಯಾಲೆ ಯಾರು ರಿಪೇರಿ ಮಾಡಿದ್ರು?" ಅಂದ. ಸತ್ಯವೇದದಲ್ಲಿ ಅದು ಬರೆದಿಲ್ಲ ಅಂದೆ. "ಆ ನಾಲ್ಕು ಮಂದಿನೇ ಮಾಡಿರ್ತಾರ. ಐದನೇದಾವನೂ ಕೂಡಿರ್ತಾನ, ಈಗ ಅವಂಗ ನಡ್ಯಾಕ ಬರ್ತದಲ್ಲ" ಅಂತ ಅವನೇ ಹೇಳಿದ. ನಾನು ಆ ಭಾಗ ನೂರು ಸಲ ಓದಿದ್ದೇನೆ. ವಾಸಿಯಾದವನು ಮರುದಿನ ಏನು ಮಾಡಿರಬಹುದು ಅಂತ ಒಂದು ಸಲವೂ ಯೋಚಿಸಿರಲಿಲ್ಲ.

ಅದಕ್ಕೇ, ಓದಿದ ಮೇಲೆ ನೀತಿ ಹೇಳಬೇಡಿ. ಒಂದು ಪ್ರಶ್ನೆ ಕೇಳಿ ಕಾಯಿರಿ. ನೀನು ಅಲ್ಲಿದ್ದಿದ್ದರೆ ಎಲ್ಲಿ ನಿಂತಿರುತ್ತಿದ್ದೆ? ಇದರಲ್ಲಿ ನಿನಗೆ ಯಾವುದು ಇಷ್ಟವಾಗಲಿಲ್ಲ? ಇಂಥವು ಸಾಕು. ಉತ್ತರ ಬರದಿದ್ದರೆ ಬಿಟ್ಟುಬಿಡಿ. ಕೆಲವು ಸಲ ಉತ್ತರ ಮರುದಿನ ಬೈಕ್ ಮೇಲೆ ಹಿಂದಿನಿಂದ ಬರುತ್ತದೆ.

ಪ್ರಾರ್ಥನೆ ಕಲಿಸುವುದು

ಮೂರು ನಾಲ್ಕು ವರ್ಷದ ಮಗುವಿಗೆ ಒಂದೇ ವಾಕ್ಯ ಸಾಕು. ದೇವರೇ, ಇವತ್ತು ಮಾವಿನಹಣ್ಣು ಕೊಟ್ಟಿದ್ದಕ್ಕೆ ಸ್ತೋತ್ರ. ಇಷ್ಟು ಬಂದರೆ ಆಯಿತು. ಐದಾರು ವರ್ಷಕ್ಕೆ ಮೂರು ಮಾತು ಸೇರಿಸಿ: ಒಂದಕ್ಕೆ ಸ್ತೋತ್ರ, ಒಂದಕ್ಕೆ ಕ್ಷಮಿಸು, ಒಬ್ಬರಿಗಾಗಿ ಬೇಡಿಕೆ. ದೊಡ್ಡವರ ಉದ್ದುದ್ದ ಪ್ರಾರ್ಥನೆಯ ಮಾತುಗಳನ್ನು ಬಾಯಿಪಾಠ ಮಾಡಿಸಿ ನೆಂಟರ ಮುಂದೆ ಹೇಳಿಸಬೇಡಿ. ಮಗು ಆಗ ಕಲಿಯುವುದು ನೆಂಟರ ಹತ್ತಿರ ಮಾತಾಡುವುದನ್ನು.

ಕರ್ತನ ಪ್ರಾರ್ಥನೆಯನ್ನು ಮಾತ್ರ ಬಾಯಿಪಾಠ ಮಾಡಿಸಿ. ಮತ್ತಾಯ 6ನೇ ಅಧ್ಯಾಯ, 9ರಿಂದ 13. ವಾರಕ್ಕೆ ಒಂದು ಸಾಲು, ಅದರ ಅರ್ಥ ಹೇಳಿ ಮುಂದೆ ಹೋಗಿ. ಅನುದಿನದ ಆಹಾರದ ಸಾಲಿಗೆ ಬಂದ ವಾರ ಮಗಳು ಒಂದು ಕಂಡುಹಿಡಿದಳು. ಅದರಲ್ಲಿ ನನ್ನ ಅನ್ನುವ ಮಾತೇ ಇಲ್ಲ, ಎಲ್ಲಾ ನಮ್ಮ. ಆ ವಾರ ನಾವು ಆ ಪದ ಹಿಡಿದೇ ಮಾತಾಡಿದೆವು. ನಮ್ಮ ಅಂದರೆ ಯಾರ್ಯಾರು? ಪಕ್ಕದ ಮನೆಯವರು? ಕಸ ತೆಗೆದುಕೊಂಡು ಹೋಗಲು ಬರುವ ಅಕ್ಕ?

ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಎಡಕ್ಕೆ ಬೇಡಿಕೆ, ತಾರೀಖು. ಬಲಕ್ಕೆ ಏನಾಯಿತು ಅಂತ ಬರೆಯಲು ಜಾಗ. ಬೇಡಿದ್ದು ಆಗದೇ ಹೋದರೆ ಅದನ್ನೂ ಬರೆಯಿರಿ. ನಮ್ಮ ಪುಸ್ತಕದಲ್ಲಿ ಮಾವನವರ ಹೆಸರು ಹನ್ನೊಂದು ಸಲ ಇದೆ. ಕೊನೆಯ ಸಲದ ಎದುರು ಮಗಳ ಅಕ್ಷರದಲ್ಲಿ 'ಅಜ್ಜ ತೀರಿಕೊಂಡರು' ಅಂತ ಇದೆ. ಆ ಪುಟ ಹರಿಯಬೇಕು ಅಂತ ಒಂದು ದಿನ ಅತ್ತೆ ಹೇಳಿದರು. ಹರಿಯಲಿಲ್ಲ. ಕೇಳಿದ್ದೆಲ್ಲ ಸಿಗುತ್ತದೆ ಅಂತ ಮಕ್ಕಳಿಗೆ ಹೇಳಿದ್ದರೆ ಅಂದೇ ಅವರ ನಂಬಿಕೆ ಮುರಿಯುತ್ತಿತ್ತು. ಗೆತ್ಸೆಮನೆ ತೋಟದಲ್ಲಿ ಈ ಸಂಕಟದ ಪಾತ್ರೆ ತೊಲಗಲಿ ಅಂತ ಯೇಸುಸ್ವಾಮಿ ಬೇಡಿದರೂ ಅದು ತೊಲಗಲಿಲ್ಲ ಅಂತ ಆ ರಾತ್ರಿ ಓದಿದೆವು. ಎಲ್ಲರೂ ಅತ್ತೆವು. ಆಮೇಲೆ ಮಲಗಿದೆವು.

ವಚನ ಬಾಯಿಪಾಠ

ಹದಿನೈದು ದಿನಕ್ಕೆ ಒಂದೇ ವಚನ. 23ನೇ ಕೀರ್ತನೆಯಿಂದ ಶುರು ಮಾಡಿ. ಆರು ವಚನ, ಮೂರು ತಿಂಗಳು. "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅನ್ನುವಾಗ ಕೊರತೆಪಡೆನು ಅಂದರೆ ಏನು ಅಂತ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಗೊತ್ತಿರುವುದಿಲ್ಲ. ನನಗೆ ಬೇಕಾದ್ದು ಯಾವುದೂ ಕಡಿಮೆ ಬೀಳುವುದಿಲ್ಲ ಅಂತ ಬಿಡಿಸಿ ಹೇಳಿ. ಕುರುಬ ಅನ್ನುವುದನ್ನು ಹೇಳಲೇ ಬೇಕಿಲ್ಲ, ತೋರಿಸಿದರೆ ಆಯಿತು. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಹೊಲಗಳಲ್ಲಿ ಕುರಿ ಹಿಂಡು ತಂಗುತ್ತದೆ. ಗಾಡಿ ನಿಲ್ಲಿಸಿ ಇಳಿಯಿರಿ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ನಡೆಯಲಾಗದ ಮರಿ ಕಂಕುಳಲ್ಲಿ. ಒಬ್ಬ ಅಜ್ಜ ನನ್ನ ಮಗನಿಗೆ ಮರಿ ಎತ್ತಿಕೊಳ್ಳಲು ಕೊಟ್ಟರು. ರಾತ್ರಿ ನಿದ್ದೆ ಮಾಡ್ತೀರಾ ಅಂತ ಕೇಳಿದ. ತೋಳದ ಭಯಕ್ಕೆ ಪಾಳಿ ಮೇಲೆ ಎದ್ದಿರ್ತೇವೆ ಅಂದರು. ಅವನಿಗೆ ಆ ಕೀರ್ತನೆ ಕಲಿಸಿದ್ದು ಅವರೇ ಅಂತ ನಾನು ಹೇಳುತ್ತೇನೆ.

ತಪ್ಪು ಮಾಡಿದ ಮಗುವಿಗೆ ಶಿಕ್ಷೆಯಾಗಿ ವಚನ ಬರೆಸುವ ರೂಢಿ ಕೆಲವು ಮನೆಗಳಲ್ಲಿದೆ. ದಯವಿಟ್ಟು ಬೇಡ. ನರಕದ ಹೆಸರು ಹೇಳಿ ಹೆದರಿಸುವುದೂ ಬೇಡ. ದೇವರ ಮಾತು ಅಂದ ಕೂಡಲೇ ಕೈ ನೋವು, ಕತ್ತಲೆ ನೆನಪಾದರೆ ಆ ಮಗು ದೊಡ್ಡವನಾಗಿ ಯಾಕೆ ಹತ್ತಿರ ಬಂದಾನು?

ಅಪ್ಪ ಅಮ್ಮ ತಪ್ಪು ಒಪ್ಪಿಕೊಳ್ಳುವುದು

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದೇ.

ಎರಡು ವರ್ಷದ ಹಿಂದೆ ಮಗಳಿಗೆ ಗಣಿತದಲ್ಲಿ ಮಾರ್ಕ್ಸ್ ಕಡಿಮೆ ಬಂತು. ಅವಳ ತಮ್ಮನ ಎದುರೇ ಕೂಗಾಡಿದೆ, ಅನ್ನಬಾರದ ಮಾತು ಅಂದೆ. ಅರ್ಧ ಗಂಟೆ ಬಿಟ್ಟು ಚಾಪೆ ಹಾಸಿ ಹಾಡು ಶುರು ಮಾಡಿದೆ. ಅವಳು ಬಾಯಿ ತೆರೆಯಲಿಲ್ಲ, ಚಾಪೆಯ ಎಳೆ ಕೀಳುತ್ತಾ ಕೂತಿದ್ದಳು. ನಾನೂ ಮುಂದೆ ಹಾಡಲಾಗಲಿಲ್ಲ. "ಇವತ್ತು ನಾನು ನಿನಗೆ ಅಂದಿದ್ದು ತಪ್ಪು. ನನ್ನನ್ನು ಕ್ಷಮಿಸು" ಅಂತ ಎಲ್ಲರ ಎದುರು ಹೇಳಿದೆ. ಬೈದದ್ದು ಎಲ್ಲರ ಎದುರಲ್ವಾ. ಅವಳು ಏನೂ ಅನ್ನಲಿಲ್ಲ. ಪ್ರಾರ್ಥನೆಯಲ್ಲಿ ಅವಳ ಸರದಿ ಬಂದಾಗ, ಮಮ್ಮಿಗೆ ತಲೆನೋವು ಕಡಿಮೆ ಮಾಡು ಅಂದಳು.

ಇಲ್ಲಿ 'ಆದರೆ' ಹಾಕಬೇಡಿ. ಕ್ಷಮಿಸು, ಆದರೆ ನೀನೂ ಓದಬೇಕಿತ್ತು ಅಂದರೆ ಅದು ಕ್ಷಮೆ ಕೇಳಿದಂತಲ್ಲ. ಓದಿನ ಮಾತು ನಾಳೆಗಿರಲಿ. ಮಕ್ಕಳನ್ನು ಕೆಣಕಿ ಮನಗುಂದಿಸಬೇಡಿ ಅಂತ ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಇರುವುದು (3:21) ಹೆತ್ತವರಿಗೇ ಬರೆದದ್ದು.

ಹಬ್ಬಗಳನ್ನು ಮನೆಗೆ ತರುವುದು

ಡಿಸೆಂಬರ್ 1ರಿಂದ ಲೂಕನ ಸುವಾರ್ತೆ ದಿನಕ್ಕೊಂದು ಅಧ್ಯಾಯ. ಒಟ್ಟು 24 ಅಧ್ಯಾಯ, ಕ್ರಿಸ್‌ಮಸ್ ಹಿಂದಿನ ರಾತ್ರಿಗೆ ಮುಗಿಯುತ್ತದೆ. ಅಧ್ಯಾಯಗಳು ಉದ್ದ, ಹಾಗಾಗಿ ಸಣ್ಣ ಮಕ್ಕಳಿಗೆ ಒಂದು ಭಾಗ ಆರಿಸಿ ಓದಿ. ಕರ್ಜಿಕಾಯಿ, ಚಕ್ಕುಲಿ, ಕೇಕ್ ಹಂಚುವ ಕೆಲಸ ಮಕ್ಕಳದ್ದೇ ಆಗಲಿ. ಮಂಗಳೂರು ಕಡೆ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳ) ತಟ್ಟೆ ಹಿಡಿದು ಓಡುವ ಮಕ್ಕಳನ್ನು ನೋಡಿದವರಿಗೆ ಇದು ಹೊಸದಲ್ಲ. ತಟ್ಟೆ ಹಿಡಿದು ಬಾಗಿಲು ತಟ್ಟಿದ ಮಗುವಿಗೆ ಯಾಕೆ ಹಬ್ಬ ಅಂತ ಪಕ್ಕದ ಮನೆಯವರು ಕೇಳುತ್ತಾರೆ. ತನ್ನ ಮಾತಲ್ಲಿ ಅದು ಹೇಳಬೇಕಾಗುತ್ತದೆ.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲಕ್ಕೆ ನಾವು ಒಂದು ಡಬ್ಬಿ ಇಡುತ್ತೇವೆ. ಭಾನುವಾರ ಬಿಟ್ಟು 40 ದಿನ, ಅನ್ನಕ್ಕೆ ಇಡುವ ಮುಂಚೆ ಒಂದು ಹಿಡಿ ಅಕ್ಕಿ ಡಬ್ಬಿಗೆ. ಹಿಡಿ ತೆಗೆಯುವವನು ಚಿಕ್ಕವನು. ರೊಟ್ಟಿಯ ದಿನ ಒಂದು ಹಿಡಿ ಜೋಳ. ಮಿಜೋರಾಂನ ಕ್ರೈಸ್ತ ಮನೆಗಳಲ್ಲಿ ಈ ಹಿಡಿ ಅಕ್ಕಿ ಪದ್ಧತಿ ನೂರು ವರ್ಷಕ್ಕೂ ಮೇಲಿನಿಂದ ದಿನಾ ನಡೆದುಬಂದಿದೆ. ಅದಕ್ಕೆ ಅವರು ಬುಹ್‌ಫಾಯ್ ಥಾಮ್ ಅನ್ನುತ್ತಾರೆ. ಆ ಒಂದೊಂದು ಹಿಡಿಯಿಂದ ಅಲ್ಲಿನ ಸಭೆಗಳು ಎಷ್ಟೋ ಸೇವೆ ನಡೆಸಿವೆ. ನಮ್ಮ ಡಬ್ಬಿ ಈಸ್ಟರ್ ಹಿಂದಿನ ದಿನ ನಮಗೆ ಗೊತ್ತಿರುವ ಒಂದು ಮನೆಗೆ ಹೋಗುತ್ತದೆ. ಆ ಮನೆಯ ಹೆಸರು ಮಕ್ಕಳು ಹೊರಗೆ ಹೇಳುವಂತಿಲ್ಲ.

ಈಸ್ಟರ್ ಬೆಳಗಿನ ಜಾವ ಮಕ್ಕಳನ್ನು ಅಜ್ಜನ ಸಮಾಧಿಗೆ ಕರೆದುಕೊಂಡು ಹೋಗುತ್ತೇವೆ. ಮೇಣದಬತ್ತಿ ಹಚ್ಚಿ, ಒಂದು ಹಾಡು ಹೇಳಿ, ಮನೆಗೆ ಬಂದು ಚಹಾ ಕುಡಿಯುತ್ತೇವೆ. ಪುನರುತ್ಥಾನದ ಬಗ್ಗೆ ನಾನು ಬಾಯಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಅವರಿಗೆ ಅಲ್ಲಿ ತಿಳಿದಿದೆ.

ಕಷ್ಟದ ಪ್ರಶ್ನೆ ಬಂದಾಗ

ಈಜಿಪ್ಟಿನ ದಾಸತ್ವದಿಂದ ಬಿಡುಗಡೆಯಾದ ನೆನಪಿಗೆ ಇಸ್ರಾಯೇಲ್ಯರು ಆಚರಿಸುವ ಪಸ್ಕಹಬ್ಬದ ವಿಷಯ ಬರುವ ವಿಮೋಚನಕಾಂಡ 12ರಲ್ಲಿ, ಈ ಆಚರಣೆಯ ಅರ್ಥ ಏನು ಅಂತ ಮಕ್ಕಳು ಕೇಳಿದಾಗ ಹೀಗೆ ಹೇಳಿ ಅಂತ ಇದೆ. ಮಕ್ಕಳು ಕೇಳುತ್ತಾರೆ ಅಂತ ಮೊದಲೇ ಲೆಕ್ಕ ಹಿಡಿದಿದ್ದಾರೆ ನೋಡಿ.

ನಮ್ಮ ಮಗನಿಗೆ ಸ್ಕೂಲಲ್ಲಿ ಒಬ್ಬ ಹುಡುಗ, ನಿಮ್ಮ ದೇವರು ಫಾರಿನ್ ದೇವರು ಅಂದನಂತೆ. ಅಳುತ್ತಾ ಬಂದ. ನಾವು ಭೂಪಟ ತೆಗೆದೆವು. ಬೆತ್ಲೆಹೇಮ್ ಇರುವುದು ಏಷ್ಯಾದಲ್ಲಿ. ಹುಬ್ಬಳ್ಳಿಯೂ ಏಷ್ಯಾದಲ್ಲಿ. ಅತ್ತೆ ತಮ್ಮ ಅಜ್ಜ ಅಜ್ಜಿಯ ಕಥೆ ಹೇಳಿದರು, ಇದೇ ಊರ ಕಡೆಯ ನೇಕಾರರು, ಕನ್ನಡದಲ್ಲೇ ಪ್ರಾರ್ಥಿಸಿದವರು. ಆಮೇಲೆ ನಾನು ಒಂದು ಮಾತು ಸೇರಿಸಿದೆ: ಆ ಹುಡುಗನ ಮೇಲೆ ಸಿಟ್ಟು ಬೇಡ, ಅವನ ದೇವರ ಬಗ್ಗೆ ಕೆಟ್ಟ ಮಾತು ನಮ್ಮ ಮನೆಯಲ್ಲಿ ಆಡುವುದಿಲ್ಲ. ಆ ವರ್ಷ ದೀಪಾವಳಿಗೆ ಅವನು ಮಗನಿಗೆ ಉಂಡೆ ತಂದುಕೊಟ್ಟ. ಡಿಸೆಂಬರಲ್ಲಿ ಅವನ ಮನೆಗೆ ಮೊದಲ ತಟ್ಟೆ ಹೋಯಿತು.

ಉತ್ತರ ಗೊತ್ತಿಲ್ಲದಿದ್ದರೆ, ನನಗೆ ಗೊತ್ತಿಲ್ಲ, ಪಾಸ್ಟರನ್ನು ಕೇಳೋಣ ಅನ್ನಿ. ಹಾಗಂದ ಮೇಲೆ ನಿಜವಾಗಿಯೂ ಕೇಳಿ.

ಹದಿಹರೆಯದವರು ಕೂರಲ್ಲ ಅಂದರೆ

ಕೈ ಹಿಡಿದು ಎಳೆಯಬೇಡಿ, ಹಾಗಂತ ಪೂರ್ತಿ ಬಿಟ್ಟೂ ಬಿಡಬೇಡಿ. ನಮ್ಮ ಮನೆ ನಿಯಮ ಇದು: ಹತ್ತು ನಿಮಿಷ ಚಾಪೆ ಮೇಲೆ ಇರಬೇಕು, ಹಾಡುವುದು ಪ್ರಾರ್ಥಿಸುವುದು ಅವರಿಷ್ಟ. ಮಗಳಿಗೆ ಕೆಲಸ ಕೊಟ್ಟ ಮೇಲೆ ಎಷ್ಟೋ ಸರಿಹೋಯಿತು. ವಾರಕ್ಕೆ ಒಂದು ದಿನ ಅವಳೇ ನಡೆಸುತ್ತಾಳೆ, ಪ್ರಶ್ನೆ ಅವಳೇ ಕೇಳುತ್ತಾಳೆ. ಸಂಶಯ ಹೇಳಿದರೆ ಗಾಬರಿಯಾಗಬೇಡಿ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ಕೂಗಿದ ತಂದೆಯ ಕಥೆ ಮಾರ್ಕ 9ರಲ್ಲಿದೆ, ಯೇಸುಸ್ವಾಮಿ ಅವನನ್ನು ಹಿಂದಕ್ಕೆ ಕಳಿಸಲಿಲ್ಲ.

ಮನೆಯಲ್ಲಿ ಒಬ್ಬರಿಗಷ್ಟೇ ನಂಬಿಕೆ ಇದ್ದರೆ? ಅಪೊಸ್ತಲ ಪೌಲನ ಜೊತೆಗಾರ ತಿಮೊಥೆಯನ ತಂದೆ ಗ್ರೀಕನು. ಅವನ ನಂಬಿಕೆ ಅಜ್ಜಿ ಲೋವಿ, ತಾಯಿ ಯೂನಿಕೆಯರಿಂದ ಬಂದದ್ದು ಅಂತ ಪೌಲ ಬರೆಯುತ್ತಾನೆ. ಇನ್ನೊಬ್ಬರನ್ನು ಮಕ್ಕಳ ಎದುರು ಹಗುರ ಮಾಡದೆ, ನಿಮ್ಮ ಹತ್ತು ನಿಮಿಷ ನೀವು ಮಾಡಿ. ಅಜ್ಜ ಅಜ್ಜಿ ದೂರದಲ್ಲಿದ್ದರೆ ವಿಡಿಯೋ ಕಾಲ್ ಇದೆ. ದುಬೈನಲ್ಲಿರುವ ನನ್ನ ತಂಗಿಯ ಮಕ್ಕಳು ಶನಿವಾರ ನಮ್ಮ ಜೊತೆ ಸೇರುತ್ತಾರೆ. ನಮಗೆ ಎಂಟೂವರೆ, ಅವರಿಗೆ ಏಳು. ಆ ಒಂದು ದಿನ ಮಾತ್ರ ಫೋನು ಅಡುಗೆಮನೆ ಕಟ್ಟೆಯಿಂದ ಚಾಪೆಗೆ ಬರುತ್ತದೆ. ಆ ಮಕ್ಕಳು ವಾರದಲ್ಲಿ ಕನ್ನಡ ಹಾಡುವುದು ಆಗಲೇ.

ತಪ್ಪಿಹೋದಾಗ

ತಪ್ಪುತ್ತದೆ. ಮದುವೆ ಬರುತ್ತದೆ, ಆಸ್ಪತ್ರೆ ಬರುತ್ತದೆ, ಸುಮ್ನೆ ಬೇಜಾರೂ ಬರುತ್ತದೆ. ಎರಡು ವಾರ ತಪ್ಪಿದ ಮೇಲೆ ಮತ್ತೆ ಶುರು ಮಾಡುವಾಗ ಯಾರನ್ನೂ ಬೈಯಬೇಡಿ. ತಪ್ಪಿದ್ದನ್ನು ಒಂದೇ ರಾತ್ರಿ ಓದಿ ಮುಗಿಸಲೂ ಹೋಗಬೇಡಿ. ಮಾರ್ಕ 1ಕ್ಕೆ ಹಿಂದಿರುಗುವುದೂ ಬೇಡ. ಪುಸ್ತಕದಲ್ಲಿ ಗುರುತಿಗೆ ಇಟ್ಟ ಹಳೇ ಬಸ್ ಟಿಕೆಟ್ ಎಲ್ಲಿದೆಯೋ ಅಲ್ಲಿಂದಲೇ ಮುಂದಿನ ಹತ್ತು ವಚನ ಓದಿ. ಊಟ ಆಗಿದ್ದರೆ ತಟ್ಟೆ ಅಲ್ಲೇ ಇರಲಿ, ಮಕ್ಕಳನ್ನು ಕರೆಯಿರಿ.